ಬೆಲ್ಟ್ ಕಡೆಯಿಂದ ಗೊರಗೊರ ಶಬ್ದ: ಪುಲ್ಲಿಯ ಬೇರಿಂಗ್ ಮಾತ್ರ ಬದಲಾಯಿಸಬಹುದಾ, ಇಡೀ ಸೆಟ್ ಹಾಕಿಸಬೇಕಾ?

ಶರಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು 2013ರ ಏಳು ಸೀಟಿನ ಡೀಸೆಲ್ ಗಾಡಿ. 2.2 ಲೀಟರ್ ಎಂಜಿನ್, 1,46,000 ಕಿ.ಮೀ. ಓಡಿದೆ. ಸಾಗರದ ಹತ್ತಿರ ಹಳ್ಳಿ. ಮನೆಗೆ ಬರುವ ದಾರಿಯ ಕೊನೆಯ ಭಾಗ ಪೂರ್ತಿ ಮಣ್ಣು. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಸರು, ನಡುವೆ ಒಂದು ಹಳ್ಳ ಬೇರೆ ದಾಟಬೇಕು.

ಈ ಸಲ ಮಳೆ ಬಿಟ್ಟ ಮೇಲೆ ಎಂಜಿನ್‌ನ ಬೆಲ್ಟ್ ಕಡೆಯಿಂದ ಶಬ್ದ ಶುರುವಾಗಿದೆ. ಕೀಂ ಅಂತ ಕಿರುಚುವ ಶಬ್ದ ಅಲ್ಲ, ಗೊರಗೊರ ಅಂತ ಒರಟಾಗಿ ಬರುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದೂ ಏರುತ್ತದೆ. ಕ್ಲಚ್ ಒತ್ತಿದರೆ ಬದಲಾಗುವುದಿಲ್ಲ, ಎಸಿ ಹಾಕಿದರೂ ತೆಗೆದರೂ ಅಷ್ಟೇ. ಒಂದೇ ಬೆಲ್ಟ್ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಸ್ಟಿಯರಿಂಗ್ ಪಂಪ್, ವಾಟರ್ ಪಂಪ್ ಎಲ್ಲವನ್ನೂ ತಿರುಗಿಸುತ್ತದೆ. ಬೆಲ್ಟ್‌ಗೆ ದಾರಿ ತೋರಿಸುವ ಎರಡು ಐಡ್ಲರ್ ಪುಲ್ಲಿ, ಸ್ಪ್ರಿಂಗ್‌ನಿಂದ ಬೆಲ್ಟ್ ಬಿಗಿ ಇಡುವ ಒಂದು ಆಟೋ ಟೆನ್ಶನರ್ ಇದೆ. ಬೆಲ್ಟ್ ಹೋದ ವರ್ಷ ಹಾಕಿಸಿದ್ದು, ಬಿರುಕು ಕಾಣುವುದಿಲ್ಲ.

ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಟೆನ್ಶನರ್ ಅಸೆಂಬ್ಲಿ, ಎರಡು ಐಡ್ಲರ್, ಹೊಸ ಬೆಲ್ಟ್, ಕೂಲಿ ಎಲ್ಲ ಸೇರಿ ಹನ್ನೊಂದು ಸಾವಿರ ಅಂದರು. ಯಾವುದು ಕೆಟ್ಟಿದೆ ಅಂತ ಕೇಳಿದರೆ "ಎಲ್ಲಾ ಹಳೇದಾಗಿದೆ, ಒಟ್ಟಿಗೇ ಹಾಕಿಬಿಡೋಣ" ಅನ್ನುವುದು ಬಿಟ್ಟು ಬೇರೆ ಉತ್ತರ ಇಲ್ಲ. ನಮ್ಮ ಚಿಕ್ಕಪ್ಪ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುತ್ತಾರೆ. ಅವರು "ಒಳಗಿರೋದು ನಾವು ಮೋಟಾರಿಗೆ ಹಾಕೋ ಥರದ್ದೇ ಬೇರಿಂಗು, ಅದನ್ನ ತೆಗೆದು ಹೊಸದು ಕೂರಿಸಿದ್ರೆ ಆಯ್ತು, ಪುಲ್ಲಿ ಯಾಕೆ ಬಿಸಾಕ್ತೀಯ" ಅಂತಾರೆ.

ಕೇಳಬೇಕಾದ್ದು ಇಷ್ಟು. ಯಾವ ಪುಲ್ಲಿ ಹೋಗಿದೆ ಅಂತ ಮನೆಯಲ್ಲೇ ಹೇಗೆ ಹಿಡಿಯುವುದು? ಚಿಕ್ಕಪ್ಪ ಹೇಳಿದ ಹಾಗೆ ಬರೀ ಬೇರಿಂಗ್ ಬದಲಾಯಿಸಬಹುದಾ? ಮುಂದಿನ ವಾರ ಆಗುಂಬೆ ಘಾಟಿ ಇಳಿದು ಉಡುಪಿಗೆ ಮದುವೆಗೆ ಹೋಗುವುದಿದೆ, ಮನೆಮಂದಿ ಎಲ್ಲ ಇರುತ್ತಾರೆ. ಹೀಗೇ ಓಡಿಸಬಹುದಾ?

ಟೆನ್_ಟ್ವೆಲ್ವ್_ಪಾನಾ

ದಾವಣಗೆರೆಯಲ್ಲಿ ನನ್ನದು ಚಿಕ್ಕ ಗ್ಯಾರೇಜು. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ: ಹೀಗೇ ಘಾಟಿ ಇಳಿಯಬೇಡಿ. ಗೊರಗೊರ ಅನ್ನುವ ಬೇರಿಂಗ್ ತಿಂಗಳುಗಟ್ಟಲೆ ಅನ್ನುತ್ತಲೇ ಇರಬಹುದು, ನಾಳೆಯೇ ಜಾಮ್ ಆಗಲೂಬಹುದು. ಜಾಮ್ ಆದ ಪುಲ್ಲಿಯ ಮೇಲೆ ಬೆಲ್ಟ್ ಉಜ್ಜಿ ಉಜ್ಜಿ ಸುಟ್ಟು ಹರಿಯುತ್ತದೆ, ಇಲ್ಲಾ ಜಾರಿ ಹೊರಗೆ ಬೀಳುತ್ತದೆ. ನಿಮ್ಮ ಗಾಡಿಯಲ್ಲಿ ಒಂದೇ ಬೆಲ್ಟ್. ಅದು ಹೋದ ಕ್ಷಣ ಸ್ಟಿಯರಿಂಗ್ ಕಲ್ಲಾಗುತ್ತದೆ, ವಾಟರ್ ಪಂಪ್ ನಿಂತು ಎಂಜಿನ್ ಬಿಸಿಯಾಗುತ್ತದೆ, ಬ್ಯಾಟರಿ ಚಾರ್ಜ್ ನಿಲ್ಲುತ್ತದೆ. ಆಗುಂಬೆಯ ತಿರುವಿನ ನಡುವೆ ಸ್ಟಿಯರಿಂಗ್ ಬಿಗಿಯಾದರೆ ಏನು ಗತಿ ಅಂತ ನಾನು ಹೇಳಬೇಕಾಗಿಲ್ಲ.

ಇನ್ನು ಹಿಡಿಯುವುದು ಹೇಗೆ. ಬೆಲ್ಟ್ ಕಡೆಯ ಶಬ್ದದಲ್ಲಿ ಮೂರು ಜಾತಿ ಇದೆ. ಬೆಳಗ್ಗೆ ತಂಪಿನಲ್ಲಿ ಅಥವಾ ಮಳೆಯಲ್ಲಿ ಕೀಂ ಅಂತ ಉದ್ದಕ್ಕೆ ಕಿರುಚಿದರೆ ಬೆಲ್ಟ್ ಜಾರುತ್ತಿದೆ. ಚಿಂವ್ ಚಿಂವ್ ಅಂತ ತಾಳ ಹಾಕಿದಂತೆ ಬಂದರೆ ಯಾವುದೋ ಪುಲ್ಲಿ ಸಾಲಿನಲ್ಲಿಲ್ಲ, ಓರೆಯಾಗಿದೆ. ಗೊರಗೊರ ಅಥವಾ ಗುಂಯ್ ಅಂತ ಎಡೆಬಿಡದೆ ಬಂದರೆ ಹೆಚ್ಚಾಗಿ ಬೇರಿಂಗ್. ಗೊಂದಲ ಇದ್ದರೆ ಎಂಜಿನ್ ಓಡುತ್ತಿರುವಾಗ ಬೆಲ್ಟ್‌ನ ಗೀರು ಇರುವ ಮುಖಕ್ಕೆ ಸ್ವಲ್ಪವೇ ನೀರು ಸ್ಪ್ರೇ ಮಾಡಿ. ಶಬ್ದ ಸ್ವಲ್ಪ ಹೊತ್ತು ನಿಂತರೆ ಪುಲ್ಲಿ ಓರೆ ಇದೆ, ಜಾಸ್ತಿ ಆದರೆ ಬೆಲ್ಟ್ ಬಿಗಿ ಸಾಲದು, ಏನೂ ಬದಲಾಗದಿದ್ದರೆ ಬೇರಿಂಗ್ ಕಡೆ ಹೋಗಿ. ಬೆಲ್ಟ್‌ಗೆ ಎಣ್ಣೆ, ಗ್ರೀಸ್, ಸೋಪು ಏನನ್ನೂ ಹಚ್ಚಬೇಡಿ. ಯಾರಾದರೂ ಹಚ್ಚಲು ಬಂದರೆ ಕೈ ಹಿಡಿದು ನಿಲ್ಲಿಸಿ.

ಉದ್ದದ ಸ್ಕ್ರೂಡ್ರೈವರ್‌ನ ತುದಿಯನ್ನು ಪುಲ್ಲಿಯ ನಡುವಿನ ಬೋಲ್ಟ್ ತಲೆಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕೇಳುವ ಪದ್ಧತಿ ಇದೆ. ಕೆಲಸ ಮಾಡುತ್ತದೆ, ಆದರೆ ತಿರುಗುವ ಬೆಲ್ಟ್ ಪಕ್ಕ ತಲೆ ಬಗ್ಗಿಸುವ ಕೆಲಸ ಅದು. ಹೆಗಲ ಮೇಲಿನ ಟವೆಲ್, ಕತ್ತಿನ ಸರ, ಪಂಚೆಯ ತುದಿ, ಉದ್ದನೆ ತೋಳು ಇವೆಲ್ಲ ದೂರ ಇರಬೇಕು. ರೂಢಿ ಇಲ್ಲದಿದ್ದರೆ ಅದನ್ನು ಬಿಟ್ಟು ಬೆಲ್ಟ್ ಬಿಚ್ಚುವುದೇ ಒಳ್ಳೆಯದು.

ಎಂಜಿನ್ ತಣ್ಣಗಾಗಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬೆಲ್ಟ್ ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹೋಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಅದೇ ಬೆಲ್ಟ್ ಮತ್ತೆ ಹಾಕುವುದಾದರೆ ತಿರುಗುವ ದಿಕ್ಕಿಗೆ ಚಾಕ್‌ನಲ್ಲಿ ಬಾಣದ ಗುರುತು ಹಾಕಿ. ಟೆನ್ಶನರ್ ತೋಳನ್ನು ಪಾನಾದಿಂದ ತಿರುಗಿಸಿ ಹಿಡಿದು ಬೆಲ್ಟ್ ಜಾರಿಸಿ. ತೋಳಿನ ಸ್ಪ್ರಿಂಗ್ ತುಂಬಾ ಬಿಗಿ ಇರುತ್ತದೆ. ಪಾನಾ ಜಾರಿದರೆ ಬೆರಳು ಹೋಗುತ್ತದೆ, ನಿಧಾನ.

ಬೆಲ್ಟ್ ತೆಗೆದ ಮೇಲೆ ಬ್ಯಾಟರಿ ಜೋಡಿಸಿ ಎಂಜಿನ್‌ ಒಂದು ಸಲ ಸ್ಟಾರ್ಟ್ ಮಾಡಿ ಕೇಳಿ. ಕಾಲು ನಿಮಿಷ ಸಾಕು, ವಾಟರ್ ಪಂಪ್ ತಿರುಗುತ್ತಿರುವುದಿಲ್ಲ. ಬ್ಯಾಟರಿ ದೀಪ ಹತ್ತುತ್ತದೆ, ಅದು ಸಹಜ. ಗೊರಗೊರ ಮಾಯವಾದರೆ ರೋಗ ಬೆಲ್ಟ್ ತಿರುಗಿಸುವ ಯಾವುದೋ ಒಂದರಲ್ಲಿದೆ. ಹಾಗೇ ಇದ್ದರೆ ಪುಲ್ಲಿಗಳನ್ನು ಬಿಟ್ಟುಬಿಡಿ, ಬೇರೆ ಕಡೆ ಹುಡುಕಬೇಕು.

ಆಮೇಲೆ ಎಂಜಿನ್ ಆಫ್ ಮಾಡಿ, ನೆಗೆಟಿವ್ ಮತ್ತೆ ಬಿಚ್ಚಿ, ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ. ಇಲ್ಲಿ ಬಹಳ ಜನ ತಪ್ಪು ಓದುತ್ತಾರೆ. ಒಂದು ಸಲ ತಿರುಗಿಸಿ ಬಿಟ್ಟರೆ ಐಡ್ಲರ್ ಗಿರ್ರನೆ ಸುಮಾರು ಹೊತ್ತು ತಿರುಗುತ್ತಲೇ ಇದ್ದರೆ "ಆಹಾ, ಎಷ್ಟು ಸಲೀಸು" ಅಂದುಕೊಳ್ಳುತ್ತಾರೆ. ಅದು ಸಲೀಸಲ್ಲ, ಒಳಗೆ ಗ್ರೀಸ್ ಒಣಗಿದೆ ಅಂತ ಅರ್ಥ. ಒಳ್ಳೆಯ ಸೀಲ್ಡ್ ಬೇರಿಂಗ್ ಸ್ವಲ್ಪ ಮೆತ್ತಗೆ ಹಿಡಿದಂತೆ ತಿರುಗಿ ಬೇಗ ನಿಲ್ಲುತ್ತದೆ. ಬೆರಳಿಗೆ ಮರಳು ತಾಗಿದಂತೆ ಅನ್ನಿಸಿದರೂ, ಪುಲ್ಲಿಯ ಅಂಚು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಆಟ ಇದ್ದರೂ ಅದು ಹೋಗಿದೆ. ವಾಟರ್ ಪಂಪ್ ಪುಲ್ಲಿಯನ್ನೂ ಅಲ್ಲಾಡಿಸಿ ನೋಡಿ, ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕೂಲಂಟ್ ಇಳಿದ ಕಲೆ ಇದೆಯಾ ನೋಡಿ. ಅದರ ಬೇರಿಂಗ್ ಬೇರೆ ಹಾಕಲು ಬರುವುದಿಲ್ಲ, ಪಂಪ್ ಪೂರ್ತಿ ಬದಲಾಯಿಸಬೇಕು.

ಟೆನ್ಶನರ್‌ನಲ್ಲಿ ಎರಡು ವಿಷಯ ಬೇರೆ ಬೇರೆ. ಪುಲ್ಲಿಯ ಬೇರಿಂಗ್ ಒಂದು, ತೋಳು ತಿರುಗುವ ಬುಷ್ ಮತ್ತು ಸ್ಪ್ರಿಂಗ್ ಇನ್ನೊಂದು. ತೋಳಿನ ಬುಷ್ ಸವೆದು ಪುಲ್ಲಿ ಓರೆ ನಿಂತಿದ್ದರೆ ನೀವು ಎಷ್ಟು ಒಳ್ಳೆಯ ಬೇರಿಂಗ್ ಹಾಕಿದರೂ ದುಡ್ಡು ದಂಡ. ಆಗ ಅಸೆಂಬ್ಲಿಯೇ ಬೇಕು.

ಇಷ್ಟೆಲ್ಲ ನೋಡಿ ಏನು ಕಂಡಿತು ಅಂತ ಬರೆಯಿರಿ.

ಆರು_ಎರಡು_ಸೊನ್ನೆ_ಮೂರು

ನಾನು ಬೆಂಗಳೂರಿನಲ್ಲಿ ಬೇರಿಂಗ್ ಅಂಗಡಿಯ ಕೌಂಟರ್‌ನಲ್ಲಿ ಕೆಲಸ ಮಾಡುವವನು. ನಿಮ್ಮ ಚಿಕ್ಕಪ್ಪ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ, ಉಳಿದ ಕಾಲು ಪಾಲಿನಲ್ಲಿ ಜನ ಮೋಸ ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬಹಳಷ್ಟು ಕಾರುಗಳ ಐಡ್ಲರ್ ಒಳಗೆ 6203 ನಂಬರಿನ ಬೇರಿಂಗ್ ಇರುತ್ತದೆ. ಒಳಗಿನ ತೂತು 17 ಮಿ.ಮೀ., ಹೊರ ಅಳತೆ 40 ಮಿ.ಮೀ., ದಪ್ಪ 12 ಮಿ.ಮೀ. ಇದನ್ನು ಯಾವ ಕಂಪನಿ ಮಾಡಿದರೂ ಅಳತೆ ಇದೇ. 6303 ಆದರೆ ತೂತು ಅದೇ 17, ಹೊರಗೆ 47, ದಪ್ಪ 14. ಕೊನೆಯ ಎರಡು ಅಂಕಿ ಒಳತೂತನ್ನು ಹೇಳುತ್ತದೆ: 00 ಅಂದರೆ 10, 01 ಅಂದರೆ 12, 02 ಅಂದರೆ 15, 03 ಅಂದರೆ 17, ಅಲ್ಲಿಂದ ಮುಂದೆ ಐದರಿಂದ ಗುಣಿಸಿದರಾಯಿತು, 04 ಅಂದರೆ 20. ಆದರೂ ನಂಬರ್ ಅಳಿಸಿದ್ದರೆ ಊಹೆ ಮಾಡಬೇಡಿ, ವರ್ನಿಯರ್‌ನಲ್ಲಿ ಮೂರೂ ಅಳತೆ ತೆಗೆಯಿರಿ. ಕೆಲವು ಪುಲ್ಲಿಗಳಲ್ಲಿ ಹೊರ ಅಳತೆ ಮಾಮೂಲಿನದ್ದೇ ಇದ್ದು ದಪ್ಪ ಮಾತ್ರ ಬೇರೆ ಇರುತ್ತದೆ. ಅವು ಆ ಗಾಡಿಗೇ ಮಾಡಿಸಿದ ಬೇರಿಂಗು, ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದು ಕಷ್ಟ.

ಈಗ ಆ ಕಾಲು ಪಾಲಿನ ವಿಷಯ. ನಂಬರ್ ಒಂದೇ ಅಂತ ಬೇರಿಂಗ್ ಒಂದೇ ಅಲ್ಲ. ನಮ್ಮ ಪಂಪ್‌ಸೆಟ್ ಮೋಟಾರ್ ನಿಮಿಷಕ್ಕೆ ಸುಮಾರು 2,900 ಅಥವಾ 1,450 ಸುತ್ತು ತಿರುಗುತ್ತದೆ. ಕಾರಿನ ಐಡ್ಲರ್ ಲೆಕ್ಕ ನೋಡಿ. ಎಂಜಿನ್ ಕಡೆಯಿಂದ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಐಡ್ಲರ್ 70 ಮಿ.ಮೀ. ಅಂತ ಇಟ್ಟುಕೊಂಡರೆ ಎಂಜಿನ್ ಒಂದು ಸುತ್ತು ತಿರುಗಿದಾಗ ಐಡ್ಲರ್ ಎರಡು ಸುತ್ತಿಗಿಂತ ಜಾಸ್ತಿ ತಿರುಗಿರುತ್ತದೆ. ಎಂಜಿನ್ 3,000ದಲ್ಲಿದ್ದರೆ ಐಡ್ಲರ್ 6,400 ದಾಟಿದೆ. ಓವರ್‌ಟೇಕ್ ಮಾಡುವಾಗ 4,500ಕ್ಕೆ ಏರಿಸಿದರೆ ಐಡ್ಲರ್ 9,600. ರಬ್ಬರ್ ಸೀಲ್ ಇರುವ ಒಳ್ಳೆಯ 6203ರ ಮಿತಿಯೇ ಸುಮಾರು 12,000. ಜೊತೆಗೆ ಬಾನೆಟ್ ಒಳಗಿನ ಬಿಸಿ. ಹಾಗಾಗಿ ಕಡಿಮೆ ದರ್ಜೆಯ ಗ್ರೀಸ್ ತುಂಬಿದ ಅಗ್ಗದ ಬೇರಿಂಗ್ ಮೋಟಾರಿನಲ್ಲಿ ವರ್ಷಗಟ್ಟಲೆ ಬಾಳಿದರೂ ಕಾರಿನಲ್ಲಿ ಕೆಲವೇ ತಿಂಗಳಲ್ಲಿ ಮತ್ತೆ ಗೊರಗೊರ ಅನ್ನುತ್ತದೆ. ಆಗ ಎಲ್ಲರೂ "ಬೇರಿಂಗ್ ಮಾತ್ರ ಹಾಕಿದ್ದೇ ತಪ್ಪು" ಅಂತಾರೆ. ತಪ್ಪು ಬೇರಿಂಗ್ ಆಯ್ಕೆಯಲ್ಲಿತ್ತು.

ಕೊಳ್ಳುವಾಗ ಎರಡು ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಒಂದು ಕಂಪನಿ 2ಆರ್‌ಎಸ್ ಅಂತ ಬರೆಯುತ್ತದೆ, ಇನ್ನೊಂದು ಡಿಡಿಯು, ಮತ್ತೊಂದು ಎಲ್‌ಎಲ್‌ಯು. ಝಡ್‌ಝಡ್ ಅಂತ ಇದ್ದರೆ ಅದು ತಗಡಿನ ಮುಚ್ಚಳ. ಧೂಳು, ಕೆಸರು ಇರುವ ನಿಮ್ಮ ದಾರಿಗೆ ಅದು ಬೇಡ. ಆಮೇಲೆ ಸಿ3 ಅಂತ ಇರಲಿ. ಒಳಗಿನ ಗುಂಡುಗಳಿಗೂ ರಿಂಗ್‌ಗೂ ನಡುವೆ ಸ್ವಲ್ಪ ಜಾಸ್ತಿ ಸಡಿಲ ಬಿಟ್ಟಿರುತ್ತಾರೆ, ಬಿಸಿಗೆ ಹಿಗ್ಗಿದಾಗ ಬಿಗಿಯಾಗದಿರಲಿ ಅಂತ. ಕೈಯಲ್ಲಿ ಹಿಡಿದಾಗ ಚೂರು ಆಟ ಇದ್ದಂತೆ ಅನ್ನಿಸಿದರೆ ಗಾಬರಿ ಬೇಡ, ಅದು ಹಾಗೇ ಇರಬೇಕು.

ಕಳ್ಳಮಾಲಿನ ಬಗ್ಗೆ ಒಂದು ಎಚ್ಚರಿಕೆ. ಡಬ್ಬಿ, ಮುದ್ರೆ, ಹೊಲೋಗ್ರಾಂ ಎಲ್ಲ ಅಸಲಿಯಂತೆಯೇ ಮಾಡುತ್ತಾರೆ. ಎಸ್‌ಕೆಎಫ್ ಮತ್ತು ಶೆಫ್ಲರ್ ಕಂಪನಿಗಳು ಅಸಲಿಯೋ ನಕಲಿಯೋ ಅಂತ ನೋಡಲು ಮೊಬೈಲ್ ಆ್ಯಪ್ ಕೊಟ್ಟಿವೆ, ಬಳಸಿಕೊಳ್ಳಿ. ಒಳ್ಳೆಯ ಮಾಲು ಅಂದರೆ ಹೊರದೇಶದ್ದೇ ಆಗಬೇಕು ಅನ್ನುವುದೂ ಬಿಡಿ. ಎಸ್‌ಕೆಎಫ್‌ಗೆ ನಮ್ಮ ಬೊಮ್ಮಸಂದ್ರದಲ್ಲೇ ಕಾರ್ಖಾನೆ ಇದೆ, ಎನ್‌ಬಿಸಿ ಬೇರಿಂಗ್ 1946ರಲ್ಲಿ ಶುರುವಾದ ಜೈಪುರದ ಕಂಪನಿಯದ್ದು. ಬಿಲ್ ಕೊಡುವ ಅಧಿಕೃತ ಡೀಲರ್ ಹತ್ತಿರ ತೆಗೆದುಕೊಂಡರೆ ಒಂದು 6203ಕ್ಕೆ ಕೆಲವು ನೂರು ರೂಪಾಯಿ ಆಗುತ್ತದೆ. ಅದರ ಕಾಲು ಬೆಲೆಗೆ ಅದೇ ಹೆಸರಿನ ಡಬ್ಬಿ ಸಿಕ್ಕರೆ ಬಿಟ್ಟು ಬನ್ನಿ.

ಬಜ್ಪೆ_ಟ್ಯಾಕ್ಸಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಮಾರಾಯ್ರೆ. ನಮ್ಮದು ಮೂರು ಗಾಡಿ ಬಾಡಿಗೆಗೆ ಓಡುತ್ತದೆ. ನಾನು ಒಂದು ಪುಲ್ಲಿ ಶಬ್ದ ಮಾಡಿದರೆ ಬೆಲ್ಟ್ ಸಮೇತ ಎಲ್ಲ ಐಡ್ಲರ್, ಟೆನ್ಶನರ್ ಒಟ್ಟಿಗೇ ಹಾಕಿಸುತ್ತೇನೆ. ಎಲ್ಲವೂ ಒಂದೇ ದಿನ ಹುಟ್ಟಿದ್ದು, ಒಂದೇ ಧೂಳು ಕುಡಿದದ್ದು. ಇವತ್ತು ಒಂದು ಹೋದರೆ ಇನ್ನೊಂದು ಹೆಚ್ಚು ದಿನ ಇರುವುದಿಲ್ಲ. ಪ್ಯಾಸೆಂಜರ್ ಕೂರಿಸಿಕೊಂಡು ಶಿರಾಡಿಯಲ್ಲಿ ನಿಂತರೆ ಟೋವಿಂಗ್ ಖರ್ಚು, ಅವರಿಗೆ ಬೇರೆ ಗಾಡಿ, ಹೋದ ಬಾಡಿಗೆ ಎಲ್ಲ ಲೆಕ್ಕ ಹಾಕಿದರೆ ಹನ್ನೊಂದು ಸಾವಿರ ದೊಡ್ಡದಲ್ಲ. ನೀವೂ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವವರು. ದುಡ್ಡು ಉಳಿಸುವ ಜಾಗ ಇದಲ್ಲ ಅಂತ ನನಗೆ ಅನ್ನಿಸುತ್ತದೆ.

ಟೆನ್_ಟ್ವೆಲ್ವ್_ಪಾನಾ

ನಿಮ್ಮ ಲೆಕ್ಕ ಬಾಡಿಗೆ ಗಾಡಿಗೆ ಸರಿ ಸರ್, ನನ್ನ ಗಿರಾಕಿಗಳಲ್ಲಿ ಟ್ಯಾಕ್ಸಿಯವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಸಾಗರದವರ ಪ್ರಶ್ನೆ ಬೇರೆ ಇದೆ ಅಲ್ವಾ. ಯಾವುದು ಕೆಟ್ಟಿದೆ ಅಂತ ತೋರಿಸದೆ ಸೆಟ್ ಬರೆದುಕೊಟ್ಟಿದ್ದಾರೆ. ಸೆಟ್ ಹಾಕಿಸಿದ ಮೇಲೂ ಆಲ್ಟರ್ನೇಟರ್ ಬೇರಿಂಗೇ ಗೊರಗೊರ ಅನ್ನುತ್ತಿದ್ದರೆ? ಹನ್ನೊಂದು ಸಾವಿರವೂ ಹೋಯಿತು, ಶಬ್ದವೂ ಉಳಿಯಿತು. ಮೊದಲು ನೋಡಲಿ, ಆಮೇಲೆ ಬೇಕಾದರೆ ಸೆಟ್ಟೇ ಹಾಕಲಿ. ಇನ್ನೊಂದು ವಿಷಯ, ಬೇರೆ ಕಂಪನಿಯ ಅಗ್ಗದ ಪುಲ್ಲಿ ಸೆಟ್ ಒಳಗೆ ಯಾವ ಬೇರಿಂಗ್ ಇರುತ್ತದೆ ಅಂತ ನಮಗೆ ಕಾಣುವುದಿಲ್ಲ. ಗಾಡಿಯ ಜೊತೆ ಬಂದ ಗಟ್ಟಿ ಕಬ್ಬಿಣದ ಪುಲ್ಲಿಗೆ ಒಳ್ಳೆಯ ಬೇರಿಂಗ್ ಹಾಕಿದರೆ ಅಂಥ ಹೊಸ ಪುಲ್ಲಿಗಿಂತ ಜಾಸ್ತಿ ಬಾಳಿದ್ದನ್ನು ನೋಡಿದ್ದೇನೆ.

ಶರಾವತಿ_ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕಪ್ಪನ ಜೊತೆ ಕೂತು ಬಿಚ್ಚಿದೆವು. ಮದುವೆಗೆ ಬಸ್ಸಿನಲ್ಲಿ ಹೋಗುವುದು ಅಂತ ಮನೆಯಲ್ಲಿ ಆಗಲೇ ಹೇಳಿಬಿಟ್ಟಿದ್ದೇನೆ, ಆದ್ದರಿಂದ ಅವಸರ ಇಲ್ಲ.

ಬೆಲ್ಟ್ ತೆಗೆದು ಸ್ಟಾರ್ಟ್ ಮಾಡಿದಾಗ ಶಬ್ದ ಪೂರ್ತಿ ಮಾಯ. ಆಲ್ಟರ್ನೇಟರ್, ಸ್ಟಿಯರಿಂಗ್ ಪಂಪ್, ಎಸಿ ಪುಲ್ಲಿ ಮೂರೂ ಮೆತ್ತಗಿವೆ, ಆಟ ಇಲ್ಲ. ವಾಟರ್ ಪಂಪ್ ಒಣಗಿದೆ, ಗಟ್ಟಿ ಇದೆ. ಕೆಳಗಿನ ಐಡ್ಲರ್ ಮಾತ್ರ ಕೈಯಲ್ಲಿ ತಿರುಗಿಸಿದರೆ ಮರಳು ಅರೆದಂತೆ. ಬಿಚ್ಚಿ ನೋಡಿದರೆ ಸೀಲ್ ಅಂಚಿನಿಂದ ತುಕ್ಕಿನ ಕಂದು ನೀರು ಇಳಿದು ಒಣಗಿದೆ. ಮೇಲಿನ ಐಡ್ಲರ್ ಒರಟಿಲ್ಲ, ಆದರೆ ನೀವು ಹೇಳಿದ ಹಾಗೆ ಗಿರ್ರನೆ ತಿರುಗುತ್ತಲೇ ಇರುತ್ತದೆ. ಎರಡೂ ಕಬ್ಬಿಣದ್ದು, ಮುಂದೆ ಬೇರಿಂಗ್ ಹೊರಗೆ ಬಾರದಂತೆ ಹಿಡಿಯುವ ಸರ್ಕ್ಲಿಪ್ ಇದೆ, ಬೇರಿಂಗ್ ಮೇಲೆ 6203 ಓದಲು ಬರುತ್ತದೆ. ಟೆನ್ಶನರ್ ಪುಲ್ಲಿ ಪ್ಲಾಸ್ಟಿಕ್, ಬೇರಿಂಗ್ ಅದರೊಳಗೇ ಎರಕ ಹೊಯ್ದ ಹಾಗಿದೆ. ಅದೂ ಸ್ವಲ್ಪ ಒಣ ಅನ್ನಿಸುತ್ತದೆ. ತೋಳು ಓರೆ ಇಲ್ಲ, ಎಳೆದು ಬಿಟ್ಟರೆ ಒಂದೇ ಸಮನೆ ಹಿಂದಕ್ಕೆ ಬರುತ್ತದೆ.

ಪ್ರೆಸ್ ನಮ್ಮ ಹತ್ತಿರ ಇಲ್ಲ. ಚಿಕ್ಕಪ್ಪ ಸುತ್ತಿಗೆಯಲ್ಲಿ ಕೂರಿಸುತ್ತೇನೆ ಅಂತಾರೆ. ಮಾಡಬಹುದಾ?

ಲೇತ್_ಮನೆ

ನಾನು ಮತ್ತು ನಮ್ಮ ಯಜಮಾನರು ಹುಬ್ಬಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ನಡೆಸುತ್ತೇವೆ, ಬೇರಿಂಗ್ ಕೂರಿಸುವುದು ದಿನಾ ಇರುವ ಕೆಲಸ. ಸುತ್ತಿಗೆ ಬೇಡ ತಮ್ಮಾ. ಬೇಡ ಅನ್ನುವುದಕ್ಕೆ ಕಾರಣ ಹೇಳುತ್ತೇನೆ, ಚಿಕ್ಕಪ್ಪನವರಿಗೂ ಓದಿ ಹೇಳು.

ಬೇರಿಂಗ್‌ಗೆ ಹೊರ ರಿಂಗ್, ಒಳ ರಿಂಗ್ ಅಂತ ಎರಡು, ನಡುವೆ ಗುಂಡುಗಳು. ಇಲ್ಲಿ ಪುಲ್ಲಿಯಲ್ಲಿ ಬಿಗಿಯಾಗಿ ಕೂರಬೇಕಾದ್ದು ಹೊರ ರಿಂಗ್. ಒತ್ತುವ ಬಲ ಆ ಹೊರ ರಿಂಗ್ ಮೇಲೆ ಮಾತ್ರ ಬೀಳಬೇಕು. ಒಳ ರಿಂಗ್ ಮೇಲೆ ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು ಹೋಗುತ್ತದೆ, ಗುಂಡು ಓಡುವ ಹಾದಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಹಾಕಿದ ದಿನ ಚೆನ್ನಾಗಿರುತ್ತದೆ. ಕೆಲವು ದಿನ ಬಿಟ್ಟು ಹೊಸ ಬೇರಿಂಗೇ ಕೂಗಲು ಶುರು ಮಾಡುತ್ತದೆ. ಸುತ್ತಿಗೆ ಏಟು ಹೊರ ರಿಂಗ್‌ಗೇ ಬಿದ್ದರೂ ಒಂದು ಕಡೆ ಬಿದ್ದು ಬೇರಿಂಗ್ ಓರೆಯಾಗಿ ಕಚ್ಚುತ್ತದೆ, ಪುಲ್ಲಿಯ ಒಳಮೈಯನ್ನೂ ಕೆರೆಯುತ್ತದೆ.

ಪ್ರೆಸ್ ಇಲ್ಲದಿದ್ದರೆ ಬೆಂಚ್ ವೈಸ್ ಸಾಕು. ಅದೂ ಇಲ್ಲದಿದ್ದರೆ ಒಂದು ಉದ್ದನೆ ಗಟ್ಟಿ ಬೋಲ್ಟ್, ನಟ್, ದಪ್ಪ ವಾಷರ್, ಎರಡು ಸಾಕೆಟ್. ಮೊದಲು ಸರ್ಕ್ಲಿಪ್ ತೆಗಿ. ಕನ್ನಡಕ ಹಾಕಿಕೊ, ಕ್ಲಿಪ್ ಚಿಮ್ಮಿದರೆ ಕಣ್ಣು ಹೋಗುತ್ತದೆ. ತುಕ್ಕು ಹಿಡಿದಿದ್ದರೆ ಅಂಚಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡು. ಸರ್ಕ್ಲಿಪ್ ಇದ್ದ ಮುಂದಿನ ಕಡೆ ಬೇರಿಂಗ್‌ಗಿಂತ ಅಗಲದ ಕೊಳವೆ ಅಥವಾ ದೊಡ್ಡ ಸಾಕೆಟ್ ಪುಲ್ಲಿಗೆ ಆನಿಸು, ಹಿಂದಿನಿಂದ ತಡೆ ಅಂಚಿನ ತೂತಿನೊಳಗೆ ಹೋಗುವಷ್ಟು ಚಿಕ್ಕ ಸಾಕೆಟ್‌ನಿಂದ ಒತ್ತು. ಒತ್ತುವ ಮುಂಚೆ ಯಾವ ಕಡೆ ತಡೆ ಅಂಚು ಇದೆ ನೋಡು. ಬೇರಿಂಗ್ ಸರ್ಕ್ಲಿಪ್ ಇದ್ದ ಕಡೆಯಿಂದಲೇ ಹೊರಗೆ ಬರಬೇಕು, ಇನ್ನೊಂದು ಕಡೆಗೆ ಎಷ್ಟು ಒತ್ತಿದರೂ ಬರುವುದಿಲ್ಲ. ಹಳೆಯದನ್ನು ತೆಗೆಯುವಾಗ ಒಳ ರಿಂಗ್‌ಗೆ ಒತ್ತಿದರೂ ನಷ್ಟ ಇಲ್ಲ, ಅದು ಹೇಗೂ ಹೋಗುವುದೇ.

ತೆಗೆದ ಮೇಲೆ ಪುಲ್ಲಿಯ ಒಳಗೆ ತುಕ್ಕು ಒರೆಸಿ ಬೆರಳಾಡಿಸಿ ನೋಡು. ಹೊಸ ಬೇರಿಂಗ್ ಕೈಯಿಂದಲೇ ಸಲೀಸಾಗಿ ಒಳಗೆ ಹೋದರೆ ಆ ಪುಲ್ಲಿ ಕೆಲಸಕ್ಕೆ ಬಾರದು. ಹಳೆಯ ಬೇರಿಂಗ್ ಒಳಗೇ ತಿರುಗಿ ತಿರುಗಿ ತೂತು ಸವೆದಿದೆ ಅಂತ ಅರ್ಥ. ಕೆಲವರು ಒಳಮೈಗೆ ಪಂಚ್ ಹೊಡೆದು ಉಬ್ಬು ಮಾಡಿ ಬಿಗಿ ಮಾಡುತ್ತಾರೆ, ಅದು ನಿಲ್ಲುವುದಿಲ್ಲ. ಅಂಥ ಪುಲ್ಲಿ ಗುಜರಿಗೆ. ಬೆಲ್ಟ್ ಓಡುವ ಹೊರಮೈಯಲ್ಲಿ ಗೆರೆ, ತಗ್ಗು ಬಿದ್ದಿದ್ದರೂ ಅಷ್ಟೇ.

ಬಿಗಿ ಸರಿ ಇದ್ದರೆ ಹೊಸ ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡು. ಕಬ್ಬಿಣದ ಪುಲ್ಲಿಯನ್ನು ಬಿಸಿಲಿಗಿಡು ಅಥವಾ ಬಿಸಿನೀರಲ್ಲಿ ಅದ್ದಿ ಚೆನ್ನಾಗಿ ಒರೆಸು, ಬೆಂಕಿಗೆ ಮಾತ್ರ ಹಿಡಿಯಬೇಡ. ಅಷ್ಟಕ್ಕೇ ಕೂರುವುದು ಎಷ್ಟೋ ಸುಲಭವಾಗುತ್ತದೆ. ಹೊರ ರಿಂಗ್‌ಗೆ ಮಾತ್ರ ತಾಗುವ ಸಾಕೆಟ್ ಇಟ್ಟು ನೆಟ್ಟಗೆ ಒತ್ತು, ತಳ ಮುಟ್ಟಿದ್ದು ಕೈಗೆ ತಿಳಿಯುತ್ತದೆ, ಅಲ್ಲಿಗೆ ನಿಲ್ಲಿಸು. ಸರ್ಕ್ಲಿಪ್ ಪುಲ್ಲಿಯ ಗೀರಿನೊಳಗೆ ಪೂರ್ತಿ ಕೂತಿದೆಯಾ, ಸುತ್ತಲೂ ನೋಡು.

ಟೆನ್ಶನರ್‌ನ ಪ್ಲಾಸ್ಟಿಕ್ ಪುಲ್ಲಿ ಮುಟ್ಟಲೇಬೇಡ. ಎರಕದಲ್ಲಿ ಕೂತ ಬೇರಿಂಗ್ ತೆಗೆದರೆ ಪ್ಲಾಸ್ಟಿಕ್ ಸೀಳುತ್ತದೆ. ಕೆಲವು ಗಾಡಿಗೆ ಆ ಪುಲ್ಲಿ ಮಾತ್ರ ಬಿಡಿಯಾಗಿ ಸಿಗುತ್ತದೆ, ಅಸೆಂಬ್ಲಿಯ ಪಾರ್ಟ್ ನಂಬರ್ ಹೇಳಿ ಕೇಳು.

ಟೆನ್_ಟ್ವೆಲ್ವ್_ಪಾನಾ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಲವು ಟೆನ್ಶನರ್ ಪುಲ್ಲಿಯ ಬೋಲ್ಟ್ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚಲು ಬಾರದೆ ಇದ್ದರೆ ಬಲ ಹಾಕುವ ಮುಂಚೆ ಯಾವ ಕಡೆ ಥ್ರೆಡ್ ಅಂತ ಪಕ್ಕಾ ಮಾಡಿಕೊಳ್ಳಿ. ಬಿಗಿ ಮಾಡುವಾಗ ಮ್ಯಾನುವಲ್‌ನಲ್ಲಿ ಹೇಳಿದ ಟಾರ್ಕ್ ಇಡಿ. ಬೋಲ್ಟ್ ಕೂರುವ ಜಾಗ ಅಲ್ಯೂಮಿನಿಯಂ ಆಗಿದ್ದರೆ ಸ್ವಲ್ಪ ಜಾಸ್ತಿ ಆದರೂ ಥ್ರೆಡ್ ಕಿತ್ತು ಬರುತ್ತದೆ. ಪುಲ್ಲಿಯ ಹಿಂದೆ ಮುಂದೆ ಇರುವ ಸ್ಪೇಸರ್, ಧೂಳಿನ ಮುಚ್ಚಳ ಇದ್ದ ಹಾಗೇ ಬರಬೇಕು. ಒಂದು ಸ್ಪೇಸರ್ ಬಿಟ್ಟರೆ ಪುಲ್ಲಿ ಸಾಲು ತಪ್ಪಿ ಹೊಸ ಬೆಲ್ಟೂ ಅಂಚು ತಿನ್ನುತ್ತದೆ.

ಮತ್ತೆ, ಕಾರಣ ಬಿಡಬೇಡಿ. ಆ ಕೆಳಗಿನ ಐಡ್ಲರ್‌ಗೆ ನೀರು ಹೋಗಿದೆ. ಹಳ್ಳದ ನೀರು ಒಂದು. ಇನ್ನೊಂದು ವಾಟರ್ ಸರ್ವಿಸ್. ಪ್ರೆಷರ್ ಪೈಪನ್ನು ನೇರವಾಗಿ ಬೆಲ್ಟ್ ಕಡೆ ಹಿಡಿದು ಕೆಸರು ತೊಳೆಯುತ್ತಾರೆ. ರಬ್ಬರ್ ಸೀಲ್ ಧೂಳು ತಡೆಯುತ್ತದೆ, ಆ ಒತ್ತಡದ ನೀರನ್ನು ತಡೆಯುವುದಿಲ್ಲ. ಬಿಸಿ ಎಂಜಿನ್ ಮೇಲೆ ತಣ್ಣೀರು ಬಿದ್ದರೆ ಬೇರಿಂಗ್ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಳಗಿನ ಎಂಜಿನ್ ಕವರ್ ಇದೆಯಾ ನೋಡಿ, ಆಯಿಲ್ ಬದಲಾಯಿಸುವಾಗ ಬಿಚ್ಚಿ ಮತ್ತೆ ಹಾಕದೇ ಬಿಡುವುದು ತುಂಬಾ ಕಡೆ ನಡೆಯುತ್ತದೆ.

ಶರಾವತಿ_ದಂಡೆ

ಕೆಲಸ ಮುಗಿಯಿತು. ಶಿವಮೊಗ್ಗಕ್ಕೆ ಹೋದಾಗ ಡೀಲರ್ ಹತ್ತಿರ ಬಿಲ್ ಸಮೇತ ಎರಡು 6203 ತಂದೆ, ರಬ್ಬರ್ ಸೀಲ್, ಸಿ3. ಟೆನ್ಶನರ್‌ಗೆ ಪುಲ್ಲಿ ಮಾತ್ರ ಬಿಡಿಯಾಗಿ ಸಿಕ್ಕಿತು. ಚಿಕ್ಕಪ್ಪನ ವೈಸ್‌ನಲ್ಲೇ ಎರಡೂ ಬೇರಿಂಗ್ ಕೂತವು. ಫ್ರೀಜರ್ ಉಪಾಯ ಅವರಿಗೆ ಬಹಳ ಹಿಡಿಸಿತು, ಮೋಟಾರಿಗೂ ಹಾಗೇ ಮಾಡುತ್ತೇನೆ ಅಂದರು. ಎರಡೂ ಪುಲ್ಲಿಯ ಒಳಮೈ ಬಿಗಿ ಇತ್ತು. ಬೆಲ್ಟ್ ಅದೇ ಹಾಕಿದೆವು, ಬಾಣದ ಗುರುತು ನೋಡಿಕೊಂಡು. ಒಟ್ಟು ಖರ್ಚು ಎರಡು ಸಾವಿರ ದಾಟಲಿಲ್ಲ. ಶಬ್ದ ಪೂರ್ತಿ ನಿಂತಿದೆ. ಕೆಳಗಿನ ಕವರ್ ನಿಜವಾಗಿಯೂ ಇರಲಿಲ್ಲ, ಆರ್ಡರ್ ಹಾಕಿದ್ದೇನೆ. ಬಜ್ಪೆಯವರು ಹೇಳಿದ್ದೂ ಮನಸ್ಸಿನಲ್ಲಿದೆ, ಮುಂದಿನ ಬೆಲ್ಟ್ ಹಾಕಿಸುವಾಗ ಎಲ್ಲ ಪುಲ್ಲಿ ಬಿಚ್ಚಿ ನೋಡಿಸುತ್ತೇನೆ.

ಹಾಸನ_ಹೈವೇ

ಇಲ್ಲೇ ಕೇಳುತ್ತೇನೆ, ವಿಷಯ ಹತ್ತಿರದ್ದೇ. ನಮ್ಮದು ಸಣ್ಣ ಪೆಟ್ರೋಲ್ ಕಾರು. ಇದೇ ಥರ ಶಬ್ದ, ಆದರೆ ಎಸಿ ಹಾಕಿದರೆ ಕಡಿಮೆಯಾಗುತ್ತದೆ, ತೆಗೆದರೆ ಮತ್ತೆ ಬರುತ್ತದೆ. ಎಸಿ ಆಫ್ ಇದ್ದಾಗ ಕಂಪ್ರೆಸರ್ ತಿರುಗುವುದೇ ಇಲ್ಲವಲ್ಲ, ಹಾಗಾದರೆ ಅದು ಕಂಪ್ರೆಸರ್ ಅಲ್ಲ ಅಂತಲೇ?

ಟೆನ್_ಟ್ವೆಲ್ವ್_ಪಾನಾ

ಕಂಪ್ರೆಸರ್ ತಿರುಗುವುದಿಲ್ಲ, ಆದರೆ ಅದರ ಪುಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ. ಎಸಿ ಆಫ್ ಇರಲಿ ಆನ್ ಇರಲಿ, ಆ ಪುಲ್ಲಿಯ ಬೇರಿಂಗ್‌ಗೆ ಬಿಡುವಿಲ್ಲ. ಎಸಿ ಹಾಕಿದಾಗ ಪುಲ್ಲಿಯನ್ನು ಕಂಪ್ರೆಸರ್‌ಗೆ ಜೋಡಿಸುವ ಕ್ಲಚ್ ಹಿಡಿಯುತ್ತದೆ, ಆಗ ಬೆಲ್ಟ್ ಎಳೆತ ಬದಲಾಗಿ ಸವೆದ ಬೇರಿಂಗ್ ಒಂದು ಪಕ್ಕಕ್ಕೆ ಒತ್ತಿ ಕೂರುತ್ತದೆ, ಶಬ್ದ ಬದಲಾಗುತ್ತದೆ. ನಿಮ್ಮ ವರ್ಣನೆ ನೋಡಿದರೆ ಮೊದಲು ಅನುಮಾನ ಪಡಬೇಕಾದ್ದು ಅದನ್ನೇ. ಎಸಿ ಹಾಕಿದಾಗ ಮಾತ್ರ ಶಬ್ದ ಬರುತ್ತಿದ್ದರೆ ಕಂಪ್ರೆಸರ್ ಒಳಗೆ ಅಥವಾ ಕ್ಲಚ್‌ನಲ್ಲಿ ಹುಡುಕಬೇಕಿತ್ತು. ಬೆಲ್ಟ್ ತೆಗೆದು ಕೈಯಲ್ಲಿ ತಿರುಗಿಸಿ, ಒರಟು ಇದ್ದರೆ ಗೊತ್ತಾಗುತ್ತದೆ.

ಬೇರಿಂಗ್ ಮಾತ್ರ ಸಿಗುತ್ತದೆ, ಎರಡು ಸಾಲು ಗುಂಡು ಇರುವ ಅಗಲದ್ದು. ಒಳತೂತು-ಹೊರ ಅಳತೆ-ದಪ್ಪ ಮಿ.ಮೀ.ನಲ್ಲಿ 30-55-23, 35-55-20 ಇಂಥ ಅಳತೆಗಳು ಬರುತ್ತವೆ, ನಿಮ್ಮದು ಯಾವುದು ಅಂತ ಹಳೆಯದನ್ನು ಅಳೆದೇ ತರಬೇಕು. ಬಹಳಷ್ಟು ಗಾಡಿಗಳಲ್ಲಿ ಜಾಗ ಇದ್ದರೆ ಗ್ಯಾಸ್ ಬಿಡದೆಯೇ ಕ್ಲಚ್ ಬಿಚ್ಚಬಹುದು. ಆದರೆ ಪೈಪ್ ಮುಟ್ಟಬೇಡಿ.

ಲೇತ್_ಮನೆ

ಕ್ಲಚ್‌ನ ಮುಂದಿನ ತಟ್ಟೆಯನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಬಾಗಿದರೆ ಮುಗಿಯಿತು. ಪುಲ್ಲರ್ ಹಾಕಿ ತೆಗೆಯಿರಿ. ಅದರ ಹಿಂದೆ ತೆಳುವಾದ ಶಿಮ್ ವಾಷರ್ ಇರುತ್ತದೆ, ಬಿಚ್ಚುವಾಗ ಅಂಟಿಕೊಂಡು ಎಲ್ಲೋ ಬಿದ್ದು ಹೋಗುತ್ತದೆ. ಎಷ್ಟು ಇವೆ ಅಂತ ಎಣಿಸಿ ಜೋಪಾನವಾಗಿ ಇಡಿ. ಜೋಡಿಸಿದ ಮೇಲೆ ತಟ್ಟೆಗೂ ಪುಲ್ಲಿಗೂ ನಡುವಿನ ಗ್ಯಾಪನ್ನು ಫೀಲರ್ ಗೇಜ್‌ನಲ್ಲಿ ಮೂರು ಕಡೆ ಅಳೆಯಿರಿ. ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸು ಇರುತ್ತದೆ, ನಿಮ್ಮ ಗಾಡಿಯದ್ದು ಮ್ಯಾನುವಲ್‌ನಲ್ಲಿ ನೋಡಿಕೊಳ್ಳಿ. ಜಾಸ್ತಿ ಆದರೆ ಬಿಸಿ ಏರಿದಾಗ ಕ್ಲಚ್ ಹಿಡಿಯುವುದಿಲ್ಲ. ಕಡಿಮೆ ಆದರೆ ಎಸಿ ಆಫ್ ಮಾಡಿದ ಮೇಲೂ ಉಜ್ಜುತ್ತಲೇ ಇದ್ದು ಹೊಸ ಬೇರಿಂಗನ್ನೂ ಸುಡುತ್ತದೆ.

ಹಾಸನ_ಹೈವೇ

ಸರಿ ಮೇಡಂ, ಸರಿ ಸರ್. ಶನಿವಾರ ಬೆಲ್ಟ್ ಬಿಚ್ಚಿ ತಿರುಗಿಸಿ ನೋಡುತ್ತೇನೆ. ಒರಟು ಇದ್ದರೆ ಅಳತೆ ತೆಗೆದು ಫೋಟೋ ಸಮೇತ ಇಲ್ಲೇ ಹಾಕುತ್ತೇನೆ.